ಗಾಮಾ ಕಿರಣ ಸ್ಫೋಟದ ‘ಊರು’ ಯಾವುದು? ನಮ್ಮ ಆಕಾಶಗಂಗೆಯಲ್ಲಿ ಅದು ಅಪರೂಪ ಏಕೆ?

ಇವತ್ತು ರಾತ್ರಿ 12.30ರಿಂದ 3.30ರವರೆಗೆ ಭೂಮಿಯ ಹತ್ತಿರ ಕಾಸ್ಮಿಕ್ ಕಿರಣಗಳು ಹಾದುಹೋಗುತ್ತವೆ, ಮೊಬೈಲ್ ಸ್ವಿಚ್ ಆಫ್ ಮಾಡಿ, ಮೈಗೆ ಹತ್ತಿರ ಇಟ್ಟುಕೊಂಡು ಮಲಗಬೇಡಿ, ನಾಸಾದವರೇ ಹೇಳಿದ್ದಾರೆ, ಎಲ್ಲರಿಗೂ ಕಳಿಸಿ. ಈ ಧಾಟಿಯ ಮೆಸೇಜು ನಿಮಗೂ ಬಂದಿರಬಹುದು. ಅದರಲ್ಲಿ ‘ಇವತ್ತು’ ಎಂದಿರುತ್ತದೆಯೇ ಹೊರತು ತಾರೀಖು ಇರುವುದಿಲ್ಲ. ಹಾಗಾಗಿ ವರ್ಷಗಳಿಂದ ಅದು ಹಳತಾಗದೆ ಸುತ್ತುತ್ತಲೇ ಇದೆ. ಈಚೆಗೆ ಅದಕ್ಕೆ ‘ಗಾಮಾ ಕಿರಣ ಸ್ಫೋಟ’ ಎಂಬ ಹೆಸರನ್ನೂ ಸೇರಿಸಿ ಕಳಿಸುವವರಿದ್ದಾರೆ.

ಗಾಮಾ ಕಿರಣ ಸ್ಫೋಟ ಎನ್ನುವುದು ನಿಜವಾಗಿಯೂ ಇದೆ. ಇಂಥ ಒಂದು ಸ್ಫೋಟದ ಬೆಳಕು ತುಮಕೂರಿನ ನೆತ್ತಿಯ ಮೇಲೇ ಬಂದು ಬಿದ್ದಿದೆ ಕೂಡ. 2022ರ ಅಕ್ಟೋಬರ್ 9, ಭಾನುವಾರ, ಸೀಗೆ ಹುಣ್ಣಿಮೆ. ಸಂಜೆ 6 ಗಂಟೆ 47 ನಿಮಿಷ. ಬಟವಾಡಿಯಲ್ಲಿ ನಿಂತು ತಲೆಯೆತ್ತಿ ನೋಡಿದ್ದರೆ, ನೆತ್ತಿಯಿಂದ ಸ್ವಲ್ಪ ವಾಯವ್ಯಕ್ಕೆ, ಚಾಚಿದ ಕೈಯ ಒಂದು ಮುಷ್ಟಿಯಷ್ಟು ಅಂತರದಲ್ಲಿ ಅದರ ಜಾಗ. ಶ್ರವಣ ನಕ್ಷತ್ರಕ್ಕೆ ಅಷ್ಟೇನೂ ದೂರವಲ್ಲ. ಸ್ಫೋಟದ ದಿಕ್ಕು ಮತ್ತು ಸಮಯ ಎರಡೂ ದಾಖಲಾಗಿರುವುದರಿಂದ ಈ ಲೆಕ್ಕವನ್ನು ಯಾರು ಬೇಕಾದರೂ ಹಾಕಬಹುದು. ಮನುಷ್ಯರು ಈವರೆಗೆ ಅಳೆದಿರುವ ಗಾಮಾ ಕಿರಣ ಸ್ಫೋಟಗಳಲ್ಲೇ ಅತಿ ಪ್ರಖರವಾದದ್ದು ಅದು. ಅಷ್ಟು ಪ್ರಖರವಾದದ್ದು ಭೂಮಿಗೆ ತಲುಪುವುದು ಸಾವಿರಾರು ವರ್ಷಕ್ಕೊಮ್ಮೆ ಇರಬಹುದು ಎನ್ನುವುದು ಖಗೋಳ ವಿಜ್ಞಾನಿಗಳ ಅಂದಾಜು.

ಆ ಸಂಜೆ ಏನಾಯಿತು? ಉಪಗ್ರಹಗಳ ಗಾಮಾ ಪತ್ತೆಯಂತ್ರಗಳು ಬೆಳಕಿನ ಭರಕ್ಕೆ ತತ್ತರಿಸಿದವು. ವಾತಾವರಣದ ತೀರಾ ಮೇಲಿನ ವಿದ್ಯುದಾವೇಶದ ಪದರ, ಅಂದರೆ ಅಯಾನುಗೋಳ, ಕೆಲ ಗಂಟೆ ಕದಡಿತು. ಭಾರತದಲ್ಲಿ ಸಿಡಿಲು ಪತ್ತೆ ಮಾಡಲು ಇಟ್ಟಿದ್ದ ಉಪಕರಣಗಳಿಗೂ ಅದರ ಸುಳಿವು ಸಿಕ್ಕಿತು. ಕೆಳಗೆ ಯಾರಿಗೂ ಏನೂ ಆಗಲಿಲ್ಲ, ಗೊತ್ತೂ ಆಗಲಿಲ್ಲ. ಮೊಬೈಲುಗಳು ಆನ್ ಆಗಿಯೇ ಇದ್ದವು.

ಇಷ್ಟು ಶಕ್ತಿಯ ಸ್ಫೋಟ ನಮಗೇಕೆ ತಾಗಲಿಲ್ಲ? ಗಾಮಾ ಕಿರಣಗಳನ್ನು ವಾತಾವರಣವೇ ಹೀರಿಕೊಳ್ಳುತ್ತದೆ ಎನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ, ಅದು ಆಗಿದ್ದು ನಮ್ಮ ಊರಲ್ಲಿ ಅಲ್ಲ. ಅಲ್ಲಿಂದ ಬೆಳಕು ಇಲ್ಲಿಗೆ ಬರಲು ಸುಮಾರು 190 ಕೋಟಿ ವರ್ಷ ಹಿಡಿದಿದೆ. ಹಾಗಾದರೆ ಅದು ಯಾವ ಊರು, ಅಂಥ ಊರುಗಳು ಹೇಗಿರುತ್ತವೆ, ನಮ್ಮ ಊರು ಅವುಗಳ ಹಾಗೆ ಇದೆಯೇ? ಭಯಪಡಬೇಕೇ ಬೇಡವೇ ಎಂಬುದಕ್ಕೆ ಉತ್ತರ ಇರುವುದು ಈ ಪ್ರಶ್ನೆಗಳಲ್ಲಿ.

ಮೊದಲು ಮೆಸೇಜಿನ ವಿಚಾರ ಮುಗಿಸೋಣ

ಗಾಮಾ ಕಿರಣ ಕೂಡ ಒಂದು ಬಗೆಯ ಬೆಳಕೇ. ಬೆಳಕಿಗಿಂತ ವೇಗವಾಗಿ ಯಾವ ಸುದ್ದಿಯೂ ಬರುವುದಿಲ್ಲ. ಸ್ಫೋಟ ಆಗಿದೆ ಎಂದು ಗೊತ್ತಾಗುವುದೇ ಆ ಕಿರಣ ನಮ್ಮನ್ನು ತಲುಪಿದಾಗ. ಅಂದಮೇಲೆ ‘ರಾತ್ರಿ 12.30ಕ್ಕೆ ಬರುತ್ತದೆ’ ಎಂದು ಸಂಜೆಯೇ ಹೇಳಲು ನಾಸಾಕ್ಕಾಗಲಿ ಇಸ್ರೊಗಾಗಲಿ ದಾರಿಯೇ ಇಲ್ಲ. ಈ ಒಂದು ಮಾತು ನೆನಪಿದ್ದರೆ ಇಂಥ ಮೆಸೇಜುಗಳನ್ನೆಲ್ಲ ನೀವೇ ಪರೀಕ್ಷಿಸಬಹುದು.

ಕಾಸ್ಮಿಕ್ ಕಿರಣ ಬೇರೆ. ಅವು ವಿದ್ಯುದಾವೇಶವಿರುವ ಕಣಗಳು, ಹಗಲೂ ರಾತ್ರಿ ವಾತಾವರಣಕ್ಕೆ ಬಡಿಯುತ್ತಲೇ ಇರುತ್ತವೆ. ಅದರಿಂದ ಹುಟ್ಟುವ ಮ್ಯುಯಾನ್ ಎಂಬ ಕಣಗಳು ಈಗಲೂ ನಿಮ್ಮ ಅಂಗೈಯನ್ನು ಸೆಕೆಂಡಿಗೆ ಒಂದರಂತೆ ದಾಟಿ ಹೋಗುತ್ತಿವೆ. ಮೊಬೈಲ್ ಆಫ್ ಮಾಡಿದರೆ ಅವುಗಳ ಎಣಿಕೆ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆಫ್ ಮಾಡಿದ್ದರಿಂದ ಆಗುವ ನಷ್ಟ ಬೇರೆಯೇ ಇದೆ. ಮಕ್ಕಳು ಬೆಂಗಳೂರಲ್ಲಿ, ಅಜ್ಜಿ ತಾತ ಇಬ್ಬರೇ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಇರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟಿಲ್ಲ? ನಡುರಾತ್ರಿ ಎದೆನೋವು ಬಂದಾಗ 108ಕ್ಕೆ ಕರೆ ಮಾಡಬೇಕಾದದ್ದು ಅದೇ ಫೋನಿನಿಂದ.

ಸ್ಫೋಟಗಳು ಸಿಕ್ಕಿದ ಬಗೆ

1967ರ ಜುಲೈ 2ರಂದು ಅಮೆರಿಕದ ವೇಲಾ ಉಪಗ್ರಹಗಳಿಗೆ ಆಕಾಶದಿಂದ ಬಂದ ಗಾಮಾ ಕಿರಣಗಳ ಒಂದು ಸಣ್ಣ ಅಲೆ ಸಿಕ್ಕಿತು. ಅವನ್ನು ಹಾರಿಸಿದ್ದು ಯಾರಾದರೂ ಕದ್ದು ಅಣುಬಾಂಬ್ ಪರೀಕ್ಷೆ ಮಾಡುತ್ತಾರೇನೋ ಎಂದು ಕಾಯಲು. ಇಂಥ ಅಲೆಗಳು ಮತ್ತೆ ಮತ್ತೆ ಬಂದವು, ಭೂಮಿಯಿಂದಲ್ಲ, ಸೂರ್ಯನಿಂದಲೂ ಅಲ್ಲ. ವಿಷಯ ಪ್ರಕಟವಾಗಿದ್ದು 1973ರಲ್ಲಿ.

ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಜಗಳ ನಡೆಯಿತು: ಇವು ನಮ್ಮ ಆಕಾಶಗಂಗೆಯ ಒಳಗೇ ಆಗುತ್ತವೆಯೋ, ಆಚೆ ದೂರದಲ್ಲೋ? 1991ರಲ್ಲಿ ಹಾರಿದ ಕಾಂಪ್ಟನ್ ವೀಕ್ಷಣಾಲಯದ ಬ್ಯಾಟ್ಸ್ ಉಪಕರಣ ಒಂಬತ್ತು ವರ್ಷಗಳಲ್ಲಿ 2,704 ಸ್ಫೋಟಗಳನ್ನು ದಾಖಲಿಸಿತು. ನಮ್ಮಲ್ಲೇ ಆಗುವಂಥವಾಗಿದ್ದರೆ ಅವು ಆಕಾಶಗಂಗೆಯ ಹಾಲುಬಣ್ಣದ ಪಟ್ಟಿಯ ಉದ್ದಕ್ಕೂ ಗುಂಪಾಗಿ ಕಾಣಬೇಕಿತ್ತು. ಹಾಗೆ ಕಾಣಲಿಲ್ಲ, ಎಲ್ಲ ದಿಕ್ಕಿಗೂ ಸಮನಾಗಿ ಚೆಲ್ಲಿದ್ದವು.

ಜಗಳ ಮುಗಿದದ್ದು 1997ರಲ್ಲಿ. ಆ ಫೆಬ್ರುವರಿ 28ರ ಸ್ಫೋಟದ ಜಾಗವನ್ನು ಬೆಪ್ಪೊಸ್ಯಾಕ್ಸ್ ಉಪಗ್ರಹ ಗಂಟೆಗಳ ಒಳಗೆ ಗುರುತಿಸಿತು. ದೂರದರ್ಶಕ ತಿರುಗಿಸಿ ನೋಡಿದರೆ ಅಲ್ಲಿ ಆರುತ್ತಿರುವ ಒಂದು ಮಿಣುಕು, ಅದರ ಹಿಂದೆ ಒಂದು ಮಸುಕು ಗೆಲಾಕ್ಸಿ. ಅದೇ ಮೇ ತಿಂಗಳ ಇನ್ನೊಂದು ಸ್ಫೋಟದ ಬೆಳಕನ್ನು ಅಳೆದಾಗ ಅದು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆಯದು ಎಂದು ಖಚಿತವಾಯಿತು.

ಬೆಳೆಯಿಂದ ನೆಲ ತಿಳಿಯುವುದು

ಬಟವಾಡಿ ಎಪಿಎಂಸಿ ಮಂಡಿಗೆ ಬಂದ ಮಾಲನ್ನು ಕೈಗೆತ್ತಿಕೊಂಡು ಇದು ಯಾವ ಕಡೆಯದು ಎಂದು ಪಳಗಿದ ವರ್ತಕರು ಹೇಳಿಬಿಡಬಲ್ಲರು. ಗಾಮಾ ಸ್ಫೋಟದಲ್ಲಿ ಇದು ಉಲ್ಟಾ. ಬೆಳೆ ಕೆಲವೇ ಸೆಕೆಂಡಿನಲ್ಲಿ ಮಾಯವಾಗಿಬಿಡುತ್ತದೆ. ಉಳಿಯುವುದು ನೆಲ ಮಾತ್ರ. ನೆಲವನ್ನು ಪರೀಕ್ಷಿಸಿ ಇಲ್ಲಿ ಎಂಥ ಬೆಳೆ ಬೆಳೆದಿತ್ತು ಎಂದು ಹೇಳಬೇಕು. ಆ ನೆಲವೇ ‘ಆತಿಥೇಯ ಗೆಲಾಕ್ಸಿ’, ಅಂದರೆ ಸ್ಫೋಟ ನಡೆದ ಗೆಲಾಕ್ಸಿ.

ಪರೀಕ್ಷಿಸುವುದು ಹೇಗೆ? ಗೆಲಾಕ್ಸಿಯ ಬೆಳಕನ್ನು ಕಾಮನಬಿಲ್ಲಿನಂತೆ ಬಿಡಿಸಿದರೆ ರೋಹಿತ ಸಿಗುತ್ತದೆ. ಅದರಲ್ಲಿ ಹೈಡ್ರೋಜನ್, ಆಮ್ಲಜನಕ ಮುಂತಾದ ಧಾತುಗಳ ಗೆರೆಗಳಿರುತ್ತವೆ. ಗೆರೆಗಳು ಕೆಂಪಿನ ಕಡೆಗೆ ಎಷ್ಟು ಸರಿದಿವೆ ಎನ್ನುವುದು ದೂರ ಹೇಳುತ್ತದೆ. ಹೈಡ್ರೋಜನ್ ಗೆರೆ ಎಷ್ಟು ಪ್ರಖರ ಎನ್ನುವುದು ಅಲ್ಲಿ ವರ್ಷಕ್ಕೆ ಎಷ್ಟು ಹೊಸ ನಕ್ಷತ್ರ ಹುಟ್ಟುತ್ತಿವೆ ಎಂದು ಹೇಳುತ್ತದೆ. ಹೈಡ್ರೋಜನ್ನಿಗೆ ಹೋಲಿಸಿದರೆ ಆಮ್ಲಜನಕದ ಗೆರೆ ಹೇಗಿದೆ ಎನ್ನುವುದರಿಂದ ಅಲ್ಲಿನ ‘ಲೋಹ’ದ ಪ್ರಮಾಣ ಗೊತ್ತಾಗುತ್ತದೆ. ಖಗೋಳ ವಿಜ್ಞಾನಿಗಳ ಭಾಷೆ ಸ್ವಲ್ಪ ವಿಚಿತ್ರ: ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದದ್ದೆಲ್ಲ ಅವರಿಗೆ ಲೋಹವೇ, ನಾವು ಉಸಿರಾಡುವ ಆಮ್ಲಜನಕ ಕೂಡ.

ಈ ಕೆಲಸದ ಒಂದು ಪಾಲು ನಮ್ಮ ಪಕ್ಕದಲ್ಲೇ ನಡೆಯುತ್ತದೆ. 2015ರ ಸೆಪ್ಟೆಂಬರ್ 28ರಂದು ಇಸ್ರೊ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹದ ಸಿಝಡ್‌ಟಿಐ ಉಪಕರಣವನ್ನು ಚಾಲೂ ಮಾಡಿದ ದಿನವೇ, ಅಕ್ಟೋಬರ್ 6ರಂದು, ಅದಕ್ಕೆ ಒಂದು ಗಾಮಾ ಸ್ಫೋಟ ಸಿಕ್ಕಿತು. 2023ರ ಕೊನೆಯ ಹೊತ್ತಿಗೆ ಎಣಿಕೆ 600 ದಾಟಿತ್ತು. ಉಪಗ್ರಹದ ಮಾಹಿತಿ ಬಂದು ಸೇರುವುದು ಬೆಂಗಳೂರು ಹೊರವಲಯದ ಬ್ಯಾಲಾಳುವಿನ ಕೇಂದ್ರಕ್ಕೆ. ಆರುತ್ತಿರುವ ಮಿಣುಕನ್ನು ಹಿಂಬಾಲಿಸಲು ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವಿದೆ. ದೂರದರ್ಶಕ ಇರುವುದು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ. ಅದನ್ನು ನಡೆಸುವವರು ಕೂರುವುದು ಹೊಸಕೋಟೆಯಲ್ಲಿ.

ಉದ್ದ ಸ್ಫೋಟದ ಊರು: ಚಿಕ್ಕದು, ನೀಲಿ, ಲೋಹ ಕಡಿಮೆ

ಗಾಮಾ ಸ್ಫೋಟಗಳಲ್ಲಿ ಸ್ಥೂಲವಾಗಿ ಎರಡು ಬಗೆ. ಎರಡು ಸೆಕೆಂಡಿಗಿಂತ ಉದ್ದದ್ದು, ಎರಡು ಸೆಕೆಂಡಿಗಿಂತ ಗಿಡ್ಡದ್ದು. ಉದ್ದದವು ಸಾಮಾನ್ಯವಾಗಿ ತೀರಾ ಭಾರದ ಒಂದು ನಕ್ಷತ್ರ ಸಾಯುವಾಗ ಆಗುತ್ತವೆ. ಒಳಗಿನ ತಿರುಳು ಕುಸಿದು ಕಪ್ಪುಕುಳಿಯಾಗುತ್ತದೆ, ತಿರುಗುತ್ತಾ ಒಳಬೀಳುವ ವಸ್ತುವಿನಿಂದ ಎರಡು ಎದುರುಬದುರು ದಿಕ್ಕಿಗೆ ಕಾರಂಜಿಯಂತೆ ಜೆಟ್ ಚಿಮ್ಮುತ್ತದೆ. ಜೆಟ್ಟಿನ ತುದಿ ನಮ್ಮತ್ತ ಇದ್ದರೆ ಮಾತ್ರ ನಮಗೆ ಗಾಮಾ ಸ್ಫೋಟ ಕಾಣುತ್ತದೆ. 1998ರ ಏಪ್ರಿಲ್ 25ರ ಸ್ಫೋಟದ ಜಾಗದಲ್ಲೇ ಒಂದು ಸೂಪರ್‌ನೋವಾ ಕಂಡಾಗ ಈ ನಂಟು ಮೊದಲು ಬಯಲಾಯಿತು.

ಉದ್ದ ಸ್ಫೋಟಗಳ ಊರುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಚಹರೆ ಕಾಣಿಸುತ್ತದೆ. ಬಹುಪಾಲು ಚಿಕ್ಕ ಗೆಲಾಕ್ಸಿಗಳು. ಎಷ್ಟೋ ಗೆಲಾಕ್ಸಿಗಳಲ್ಲಿರುವ ನಕ್ಷತ್ರಗಳ ಒಟ್ಟು ತೂಕ ನೂರು ಕೋಟಿ ಸೂರ್ಯರಷ್ಟು ಇದ್ದರೆ ಹೆಚ್ಚು. ನಮ್ಮ ಆಕಾಶಗಂಗೆಯದು ಅದರ ಹತ್ತಾರು ಪಟ್ಟು. ಅಂದವಾದ ಸುರುಳಿ ತೋಳು ಇಲ್ಲ, ಆಕಾರ ಸೊಟ್ಟಪಟ್ಟ. ಬಣ್ಣ ನೀಲಿ, ಯಾಕೆಂದರೆ ಹೊಸದಾಗಿ ಹುಟ್ಟಿದ ಬಿಸಿ ನಕ್ಷತ್ರಗಳು ನೀಲಿ. ತಮ್ಮ ಗಾತ್ರಕ್ಕೆ ಹೋಲಿಸಿದರೆ ವಿಪರೀತ ವೇಗದಲ್ಲಿ ನಕ್ಷತ್ರ ಹೆರುತ್ತಿರುತ್ತವೆ. 2006ರಲ್ಲಿ ಆಂಡ್ರ್ಯೂ ಫ್ರುಕ್ಟರ್ ಮತ್ತು ಜೊತೆಗಾರರು ಹಬಲ್ ದೂರದರ್ಶಕದಿಂದ 42 ಉದ್ದ ಸ್ಫೋಟಗಳ ಊರುಗಳನ್ನು ನೋಡಿ ಇನ್ನೊಂದು ಮಾತು ಹೇಳಿದರು: ಸ್ಫೋಟ ಗೆಲಾಕ್ಸಿಯ ಎಲ್ಲೆಂದರಲ್ಲಿ ಆಗುವುದಿಲ್ಲ, ಅದರ ಅತಿ ಪ್ರಖರ ಭಾಗದಲ್ಲೇ ಆಗುತ್ತದೆ. ಅದಕ್ಕೆ ಕಾರಣ ಸರಳ. ಭಾರದ ನಕ್ಷತ್ರದ ಆಯುಷ್ಯ ಕೆಲವೇ ಹತ್ತು ಲಕ್ಷ ವರ್ಷ. ಊರು ಬಿಟ್ಟು ಹೋಗಲು ಅದಕ್ಕೆ ಸಮಯವೇ ಇಲ್ಲ. ಹುಟ್ಟಿದ ಓಣಿಯಲ್ಲೇ ಸಾಯುತ್ತದೆ.

ಎಲ್ಲಕ್ಕಿಂತ ಕುತೂಹಲದ ಗುಣ ಲೋಹದ ಕೊರತೆ. ಭಾರದ ನಕ್ಷತ್ರಗಳ ಮೈಯಿಂದ ಸದಾ ಗಾಳಿ ಬೀಸುತ್ತಿರುತ್ತದೆ, ಅನಿಲ ಹೊರಗೆ ಹಾರಿಹೋಗುತ್ತಿರುತ್ತದೆ. ಕಬ್ಬಿಣದಂಥ ಲೋಹಗಳ ಪರಮಾಣುಗಳು ನಕ್ಷತ್ರದ ಬೆಳಕನ್ನು ಚೆನ್ನಾಗಿ ಹಿಡಿಯುತ್ತವೆ. ಬೆಳಕು ಅವನ್ನು ತಳ್ಳುತ್ತದೆ, ಅವು ಉಳಿದ ಅನಿಲವನ್ನೂ ಎಳೆದೊಯ್ಯುತ್ತವೆ. ಲೋಹ ಹೆಚ್ಚಿದ್ದಷ್ಟೂ ಗಾಳಿ ಜೋರು. ಹಾಗೆ ಹೋಗುವ ಅನಿಲ ನಕ್ಷತ್ರದ ತೂಕವನ್ನಷ್ಟೇ ಅಲ್ಲ, ಅದರ ತಿರುಗುವಿಕೆಯನ್ನೂ ಕದ್ದು ಒಯ್ಯುತ್ತದೆ. ಜೆಟ್ ಚಿಮ್ಮಲು ಬೇಕಾದದ್ದೇ ಆ ತಿರುಗುವಿಕೆ. ಲೋಹ ಕಡಿಮೆ ಇರುವ ಊರಿನ ನಕ್ಷತ್ರ ಕೊನೆಯವರೆಗೂ ಬುಗುರಿಯಂತೆ ಗಿರಗಿರ ತಿರುಗುತ್ತಿರಬಲ್ಲದು. ಲೋಹ ಹೆಚ್ಚಿರುವ ಊರಿನದು ಬಳಲಿ ನಿಧಾನವಾಗುತ್ತದೆ, ಆಮೇಲೆ ಸೂಪರ್‌ನೋವಾ ಆದರೂ ಗಾಮಾ ಜೆಟ್ ಹೊರಡುವುದು ಅಪರೂಪ.

ಒಂದು ಎಚ್ಚರಿಕೆ ಇಲ್ಲಿ ಬೇಕು. ಈ ಚಹರೆ ಪೂರ್ತಿ ನಿಜವಲ್ಲ, ಅದರಲ್ಲಿ ನಮ್ಮ ನೋಟದ ದೋಷವೂ ಸೇರಿತ್ತು. ಮೊದಲ ವರ್ಷಗಳಲ್ಲಿ ಊರು ಹುಡುಕಲು ಕಣ್ಣಿಗೆ ಕಾಣುವ ಬೆಳಕಿನ ಮಿಣುಕು ಬೇಕಿತ್ತು. ಸ್ಫೋಟ ಧೂಳು ತುಂಬಿದ ಗೆಲಾಕ್ಸಿಯಲ್ಲಿ ಆಗಿದ್ದರೆ ಆ ಮಿಣುಕು ಧೂಳಲ್ಲೇ ಮುಚ್ಚಿಹೋಗುತ್ತಿತ್ತು, ಊರು ಪಟ್ಟಿಗೆ ಸೇರುತ್ತಲೇ ಇರಲಿಲ್ಲ. 2004ರಲ್ಲಿ ಸ್ವಿಫ್ಟ್ ಉಪಗ್ರಹ ಬಂದ ಮೇಲೆ ಎಕ್ಸ್‌ರೇ ಮಿಣುಕಿನಿಂದಲೇ ಜಾಗ ಗುರುತಿಸಲು ಸಾಧ್ಯವಾಯಿತು. ಆಗ ಈ ‘ಕತ್ತಲೆ ಸ್ಫೋಟ’ಗಳ ಊರುಗಳೂ ಸಿಕ್ಕವು. ಅವು ಹೆಚ್ಚು ದೊಡ್ಡವು, ಕೆಂಪಗಿನವು, ಧೂಳಿನವು. ಕೆಲವಲ್ಲಿ ಲೋಹವೂ ಸಾಕಷ್ಟಿದೆ. ಅಂದರೆ ಲೋಹ ಹೆಚ್ಚಿದ್ದರೆ ಉದ್ದ ಸ್ಫೋಟ ಆಗುವುದೇ ಇಲ್ಲ ಎನ್ನುವಂತಿಲ್ಲ, ಸಾಧ್ಯತೆ ಕಡಿಮೆ ಎನ್ನಬಹುದು. ನಮ್ಮ ಪ್ರಕಾರ ಈ ತಿದ್ದುಪಡಿಯೇ ಇಡೀ ಕಥೆಯಲ್ಲಿ ಹೆಚ್ಚು ಓದಬೇಕಾದ ಭಾಗ. ಸುಲಭವಾಗಿ ಸಿಕ್ಕಿದ್ದನ್ನು ಮಾತ್ರ ಎಣಿಸಿದರೆ ಲೆಕ್ಕ ಹೇಗೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಸೀಗೆ ಹುಣ್ಣಿಮೆಯ ಸ್ಫೋಟದ ಊರು ಮಾತ್ರ ಹಳೆಯ ಚಹರೆಗೇ ಒಪ್ಪಿತು. ಜೇಮ್ಸ್ ವೆಬ್ ದೂರದರ್ಶಕ ಆರು ತಿಂಗಳ ನಂತರ ಅಲ್ಲಿಗೆ ಕಣ್ಣು ಹಾಯಿಸಿತು. ಪೀಟರ್ ಬ್ಲಾಂಚರ್ಡ್ ತಂಡ 2024ರಲ್ಲಿ ಪ್ರಕಟಿಸಿದಂತೆ ಅಲ್ಲಿನ ಲೋಹದ ಪ್ರಮಾಣ ಸೂರ್ಯನದರ ಸುಮಾರು ಎಂಟನೇ ಒಂದು ಭಾಗ. ಹೊಸ ನಕ್ಷತ್ರಗಳು ಹುಟ್ಟುತ್ತಲೂ ಇವೆ. ಸ್ಫೋಟದ ಜೊತೆಗಿನ ಸೂಪರ್‌ನೋವಾ ನೋಡಿದರೆ ತೀರಾ ಸಾಮಾನ್ಯದ್ದು. ಚಿನ್ನದಂಥ ಭಾರದ ಧಾತು ಅಲ್ಲಿ ಹುಟ್ಟಿರಬಹುದೆಂಬ ನಿರೀಕ್ಷೆ ಇತ್ತು, ಅದರ ಸುಳಿವು ಸಿಗಲಿಲ್ಲ.

ಗಿಡ್ಡ ಸ್ಫೋಟ: ಊರು ಬಿಟ್ಟು ಬಂದವರು

ಗಿಡ್ಡ ಸ್ಫೋಟದ ಕಥೆ ಬೇರೆ. ಎರಡು ನ್ಯೂಟ್ರಾನ್ ನಕ್ಷತ್ರಗಳು ಒಂದನ್ನೊಂದು ಸುತ್ತುತ್ತಾ, ಹತ್ತಿರವಾಗುತ್ತಾ, ಕೊನೆಗೆ ಡಿಕ್ಕಿಯಾದಾಗ ಇದು ಆಗುತ್ತದೆ. ಆ ಹತ್ತಿರವಾಗುವಿಕೆಗೆ ಕೋಟಿಗಟ್ಟಲೆ, ಕೆಲವೊಮ್ಮೆ ನೂರಾರು ಕೋಟಿ ವರ್ಷ ಬೇಕು. ಅಷ್ಟರಲ್ಲಿ ಊರು ಮುದಿಯಾಗಿರಬಹುದು. ನ್ಯೂಟ್ರಾನ್ ನಕ್ಷತ್ರ ಹುಟ್ಟುವಾಗಿನ ಸೂಪರ್‌ನೋವಾ ಜೋಡಿಯನ್ನು ಒದ್ದು ದೂರ ತಳ್ಳಿರಲೂಬಹುದು. ಹಾಗಾಗಿ ಇವುಗಳ ಊರುಗಳಿಗೆ ಒಂದೇ ಚಹರೆ ಇಲ್ಲ. ನಕ್ಷತ್ರ ಹುಟ್ಟುವ ಗೆಲಾಕ್ಸಿಗಳೇ ಹೆಚ್ಚು, ಆದರೆ ಹುಟ್ಟು ನಿಂತುಹೋದ ಮುದಿ ಗೆಲಾಕ್ಸಿಗಳೂ ಇವೆ. ಕೆಲವು ಸ್ಫೋಟಗಳ ಹತ್ತಿರ ಯಾವ ಗೆಲಾಕ್ಸಿಯೂ ಕಾಣುವುದೇ ಇಲ್ಲ. ಕುಣಿಗಲ್ಲಿನಲ್ಲಿ ಹುಟ್ಟಿದ ಜೋಡಿ ಗುಬ್ಬಿ ದಾಟಿ ಎಲ್ಲೋ ಬಯಲಲ್ಲಿ ಕೊನೆಯಾದ ಹಾಗೆ.

2017ರ ಆಗಸ್ಟ್ 17ರಂದು ಗುರುತ್ವದ ಅಲೆ ಮೊದಲು ಬಂದು, 1.7 ಸೆಕೆಂಡಿನ ನಂತರ ಗಿಡ್ಡ ಗಾಮಾ ಸ್ಫೋಟ ಬಂತು. ಅದರ ಊರು ಎನ್‌ಜಿಸಿ 4993, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಒಂದು ಹಳೆಯ ಗೆಲಾಕ್ಸಿ, ಹೊಸ ನಕ್ಷತ್ರ ಹುಟ್ಟುವುದು ಹೆಚ್ಚುಕಮ್ಮಿ ನಿಂತುಹೋಗಿದೆ.

ಎರಡು ಸೆಕೆಂಡಿನ ಗೆರೆಯೂ ಈಗ ಅಷ್ಟು ಗಟ್ಟಿಯಾಗಿ ಉಳಿದಿಲ್ಲ. 2023ರ ಮಾರ್ಚ್ 7ರ ಸ್ಫೋಟ ಅರ್ಧ ನಿಮಿಷಕ್ಕೂ ಹೆಚ್ಚು ನಡೆಯಿತು. ಲೆಕ್ಕದ ಪ್ರಕಾರ ಅದು ಸಾಯುವ ನಕ್ಷತ್ರದ್ದಾಗಬೇಕು. ಆದರೆ ಅದರ ಊರೆಂದು ಗುರುತಿಸಿದ ಗೆಲಾಕ್ಸಿ ಸ್ಫೋಟದ ಜಾಗದಿಂದ ಸುಮಾರು 1.2 ಲಕ್ಷ ಜ್ಯೋತಿರ್ವರ್ಷ ಆಚೆಗಿದೆ, ಅಂದರೆ ನಮ್ಮ ಇಡೀ ಆಕಾಶಗಂಗೆಯ ಅಡ್ಡಳತೆಗಿಂತ ಹೆಚ್ಚು. ಕೆಲವೇ ಹತ್ತು ಲಕ್ಷ ವರ್ಷ ಬದುಕುವ ನಕ್ಷತ್ರ ಅಷ್ಟು ದೂರ ಹೋಗಲಾರದು. ಜೇಮ್ಸ್ ವೆಬ್ ಅಲ್ಲಿ ಟೆಲ್ಯುರಿಯಂ ಎಂಬ ಭಾರದ ಧಾತುವಿನ ಗುರುತನ್ನೂ ಕಂಡಿತು. ಹಾಗಾಗಿ ಇದು ಉದ್ದವಿದ್ದರೂ ಡಿಕ್ಕಿಯಿಂದಲೇ ಆದದ್ದು ಎಂಬ ತೀರ್ಮಾನಕ್ಕೆ ಬಂದರು. ಗಡಿಯಾರಕ್ಕಿಂತ ಊರಿನ ಸಾಕ್ಷಿಯೇ ಮೇಲಾಯಿತು.

ಹಾಗಾದರೆ ನಮ್ಮ ಊರು?

ನಮ್ಮ ಆಕಾಶಗಂಗೆ ದೊಡ್ಡದು, ವಯಸ್ಸಾದದ್ದು. ತಲೆಮಾರುಗಳ ನಕ್ಷತ್ರಗಳು ಸತ್ತು ಸತ್ತು ಅದರ ಅನಿಲದಲ್ಲಿ ಸಾಕಷ್ಟು ಲೋಹ ಬೆರೆತಿದೆ. ವರ್ಷಕ್ಕೆ ಎರಡು ಸೂರ್ಯರಷ್ಟು ಅನಿಲ ಮಾತ್ರ ಹೊಸ ನಕ್ಷತ್ರಗಳಾಗುತ್ತಿದೆ. ಉದ್ದ ಸ್ಫೋಟಕ್ಕೆ ಇದು ಹದವಾದ ನೆಲವಲ್ಲ. ಸೂರ್ಯನ ಸುತ್ತಮುತ್ತಲಿನ ಪ್ರದೇಶವೂ ಹಾಗೆಯೇ. ಸಾಧ್ಯತೆ ಸೊನ್ನೆ ಎಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ, ನಾವೂ ಹೇಳುವುದಿಲ್ಲ. ಹತ್ತಿರದಲ್ಲೇ ಆಗಿ, ಜೆಟ್ ನೇರ ಭೂಮಿಯತ್ತ ಇದ್ದರೆ ಓಜೋನ್ ಪದರ ಹಾಳಾಗಬಹುದು. ಸುಮಾರು 44 ಕೋಟಿ ವರ್ಷದ ಹಿಂದೆ ಸಮುದ್ರಜೀವಿಗಳು ಸಾಮೂಹಿಕವಾಗಿ ಅಳಿದದ್ದಕ್ಕೆ ಇಂಥದ್ದೇ ಕಾರಣವಿರಬಹುದು ಎಂದು 2004ರಲ್ಲಿ ಏಡ್ರಿಯನ್ ಮೆಲಟ್ ಮತ್ತು ಸಂಗಡಿಗರು ಊಹಿಸಿದ್ದರು. ಅದಕ್ಕೆ ನೇರ ಪುರಾವೆ ಸಿಕ್ಕಿಲ್ಲ. ಈ ಮಾತುಗಳೆಲ್ಲ ಕೋಟಿ ವರ್ಷಗಳ ಲೆಕ್ಕದವು, ಇವತ್ತು ರಾತ್ರಿಯ ಲೆಕ್ಕದವಲ್ಲ.

ಫಾರ್ವರ್ಡುಗಳಲ್ಲಿ ಡಬ್ಲ್ಯುಆರ್ 104 ಎಂಬ ನಕ್ಷತ್ರದ ಹೆಸರೂ ಬರುವುದುಂಟು, ‘ಭೂಮಿಯತ್ತ ಗುರಿಯಿಟ್ಟ ಬಂದೂಕು’ ಎಂಬಂಥ ತಲೆಬರಹದಲ್ಲಿ. ಅದು ಸಾವಿರಾರು ಜ್ಯೋತಿರ್ವರ್ಷ ದೂರದ ಒಂದು ಜೋಡಿ ನಕ್ಷತ್ರ. ಅದರ ಧೂಳಿನ ಸುರುಳಿ ನಮಗೆ ಚಕ್ರದಂತೆ ಎದುರುಮುಖವಾಗಿ ಕಾಣುವುದರಿಂದ, ಜೆಟ್ ಹೊರಟರೆ ನಮ್ಮತ್ತಲೇ ಬಂದೀತು ಎಂಬ ಅನುಮಾನವಿತ್ತು. ಹವಾಯಿಯ ಕೆಕ್ ದೂರದರ್ಶಕದಿಂದ ಗ್ರಾಂಟ್ ಹಿಲ್ ಆ ಜೋಡಿಯ ಚಲನೆಯನ್ನು ಅಳೆದರು. ಕಕ್ಷೆ ನಮ್ಮ ದಿಕ್ಕಿನಿಂದ 30ರಿಂದ 40 ಡಿಗ್ರಿ ಓರೆಯಾಗಿದೆ. ಗಾಮಾ ಜೆಟ್ಟುಗಳು ಸಾಮಾನ್ಯವಾಗಿ ಕೆಲವೇ ಡಿಗ್ರಿ ಅಗಲದವು.